ಬಿಕಿನಿ ಇಲ್ಲದ ಭೂಪಟ

ಲ್ಯಾಮಿನೇಟ್ ಮಾಡಿದ ದೊಡ್ಡ ಪ್ರಪಂಚ ಭೂಪಟ, 650 ರೂಪಾಯಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ಅಣುಬಾಂಬ್ ಪರೀಕ್ಷೆಗಳ ಇತಿಹಾಸ ಹೇಳಿಕೊಡಲೆಂದೇ ತರಿಸಿದೆ.

ಮಾರ್ಕರ್‌ನಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಂದು ಕಲೆಯೂ ಉಳಿಯುವುದಿಲ್ಲ. ಇದು ನನಗೆ ತುಂಬಾ ಹಿಡಿಸಿತು. ಮಕ್ಕಳೇ ಎದ್ದು ಬಂದು ಕೆಂಪು ಚುಕ್ಕೆ ಇಟ್ಟರು. ಮೊದಲು ನ್ಯೂ ಮೆಕ್ಸಿಕೊ, 1945ರ ಜುಲೈ 16. ಆಮೇಲೆ ನೆವಾಡಾ. 456 ಪರೀಕ್ಷೆ ಕಂಡ ಕಜಾಕಸ್ತಾನದ ಸೆಮಿಪಲಾಟಿನ್ಸ್ಕ್. ಪೋಖ್ರಾನ್‌ಗೆ ಎರಡು ವರ್ಷ ಬರೆದರು: 1974, 1998.

ಬೇಸರ ಆಗಿದ್ದು ಒಂದೇ. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಒಂದಾದ, ಅಮೆರಿಕ ಅಣುಬಾಂಬ್ ಪರೀಕ್ಷಿಸಿದ ಬಿಕಿನಿ ದ್ವೀಪ ಇದರಲ್ಲಿ ಇಲ್ಲವೇ ಇಲ್ಲ. ಮಾರ್ಷಲ್ ದ್ವೀಪಗಳು ಅಂತ ಹೆಸರಿದೆ, ಸುತ್ತ ಬರೀ ನೀಲಿ. ಬಿಕಿನಿಯಲ್ಲಿ 23 ಸ್ಫೋಟ ನಡೆದಿವೆ. 1954ರ ಮಾರ್ಚ್ 1ರ ಬಾಂಬು 15 ಮೆಗಾಟನ್‌ನದು, ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅದೇ ಸಮೂಹದ ರೊಂಗೆಲಾಪ್ ದ್ವೀಪದ ಮೇಲೆ ಹವಳದ ಬಿಳಿ ಬೂದಿ ಉದುರಿತು. ಅಲ್ಲಿನ ಮಕ್ಕಳು ಅದರಲ್ಲೇ ಆಡಿದರು. ಇದನ್ನು ಹೇಳುವಾಗ ಒಬ್ಬ ಹುಡುಗಿ ಮಾರ್ಕರ್ ಹಿಡಿದು ಹಾಗೇ ನಿಂತಿದ್ದಳು. "ಎಲ್ಲಿ ಇಡಲಿ ಮಿಸ್, ಜಾಗವೇ ಇಲ್ವಲ್ಲ?" ಕೊನೆಗೆ ಅಕ್ಷಾಂಶ, ರೇಖಾಂಶ ಲೆಕ್ಕ ಹಾಕಿ ಇಟ್ಟೆವು. ಅಷ್ಟು ಜನರ ಊರು ಅದು, ಒಂದು ಚುಕ್ಕೆಯಾದರೂ ಅಚ್ಚು ಹಾಕಬೇಕಿತ್ತು ಅಲ್ವಾ?

ನಮ್ಮ ಗೌರಿಬಿದನೂರಿಗೂ ಹಸಿರು ಚುಕ್ಕೆ ಬಿತ್ತು. ದೂರದ ದೇಶಗಳ ಭೂಗತ ಸ್ಫೋಟದ ಕಂಪನವನ್ನೂ ಹಿಡಿಯುವ ಕೇಂದ್ರ ಅಲ್ಲಿ 1960ರ ದಶಕದಿಂದಲೇ ಇದೆ.

ಮೇಲಿನ ಕೋಲು ಸ್ವಲ್ಪ ಸಡಿಲ, ಅಂಟು ಹಾಕಿಕೊಳ್ಳಿ. ಐದಕ್ಕೆ ನಾಲ್ಕು ಸ್ಟಾರ್.