ಯೂಟಾ ದಾರಿಯೋ, ಡೆತ್ ವ್ಯಾಲಿ ದಾರಿಯೋ? ಎರಡನ್ನೂ ಸುತ್ತಿ ಬಂದ ಮೇಲೆ

ಪಕ್ಕದ ಮನೆಯ ಅಕ್ಕ, ಭಾವ ಬರುವ ಚಳಿಗಾಲದಲ್ಲಿ ಮಗನ ಹತ್ತಿರ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿದ್ದಾರೆ. ಮೊನ್ನೆ ಕುಂಜಿಬೆಟ್ಟಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಅಕ್ಕ ಕೇಳಿದರು: "ನೀನು ಎರಡು ಸಲ ಮರುಭೂಮಿ ಸುತ್ತಿದ್ದಿ ಅಲ್ವಾ, ನಮಗೆ ಯಾವ ದಾರಿ ಒಳ್ಳೇದು ಹೇಳು ಮಾರಾಯ್ತಿ." ನಮ್ಮ ಉಡುಪಿ ಕಡೆಯಿಂದ ಮಕ್ಕಳ ಮನೆಗೆ ಹೋಗುವವರು ತುಂಬಾ ಜನ. ಹಾಗಾಗಿ ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

2022ರ ಅಕ್ಟೋಬರ್‌ನಲ್ಲಿ ನಾವು ನೋಡಿದ್ದು ಯೂಟಾ ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳು: ಜಯಾನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್. 2024ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾ ಕಡೆಯ ಎರಡು ಉದ್ಯಾನಗಳು, ಜೋಶುವಾ ಟ್ರೀ ಮತ್ತು ಡೆತ್ ವ್ಯಾಲಿ. ಎರಡೂ ಸಲ ಹೊರಟದ್ದು ಲಾಸ್ ಏಂಜಲೀಸ್ ಪಕ್ಕದ ಅರ್ವೈನ್‌ನಲ್ಲಿರುವ ಮಗಳ ಮನೆಯಿಂದ. ಕಾರು ಓಡಿಸಿದ್ದು ಮಗಳು, ಅಳಿಯ. ಹಿಂದಿನ ಸೀಟಿನಲ್ಲಿ ನಾನು ಮತ್ತು ಇವರು.

ಮೊದಲು ತಿಂಗಳು ನೋಡಿ, ಆಮೇಲೆ ದಾರಿ ನೋಡಿ. ನಾವು ಮೊದಲ ಸಲ ಏಳೂ ಉದ್ಯಾನಗಳನ್ನು ಒಂದೇ ಪ್ರವಾಸಕ್ಕೆ ಸೇರಿಸಲು ಹೊರಟಿದ್ದೆವು. ಮಗಳೇ ತಡೆದಳು. ಅವಳು ಹೇಳಿದ್ದು ಸರಿ. ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಲ್ಲಿಗೆ ಚಳಿಗಾಲವೇ ಒಳ್ಳೆಯದು. ಬ್ರೈಸ್ ಕ್ಯಾನ್ಯನ್‌ನ ಅಂಚು ಇರುವುದು 8,000 ಅಡಿಗಿಂತ ಮೇಲೆ, ಚಳಿಗಾಲದಲ್ಲಿ ಅಲ್ಲಿ ಹಿಮ. ಎರಡಕ್ಕೂ ಮರುಭೂಮಿ ದಾರಿ ಅಂತಲೇ ಹೇಳುತ್ತಾರೆ, ಆದರೆ ಒಂದಕ್ಕೆ ಒಳ್ಳೆಯ ತಿಂಗಳು ಇನ್ನೊಂದಕ್ಕೆ ಕಷ್ಟದ ತಿಂಗಳು.

ಕರಾವಳಿಯವರಾದ ನಮಗೆ ಬಿಸಿಲು ಹೊಸದಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಮ್ಮದು ಸೆಖೆ. ಇಲ್ಲಿ ಬೆವರು ಇಳಿಯುತ್ತದೆ, ಸೀರೆ ಒದ್ದೆಯಾಗುತ್ತದೆ, ಬಾಯಾರುತ್ತದೆ, ನೀರು ಕುಡಿಯುತ್ತೇವೆ. ಅಲ್ಲಿ ಬೆವರಿದ್ದೇ ಗೊತ್ತಾಗುವುದಿಲ್ಲ, ಚರ್ಮದ ಮೇಲೆ ನಿಲ್ಲುವ ಮೊದಲೇ ಆರಿಹೋಗುತ್ತದೆ. ಆರ್ಚಸ್‌ನಲ್ಲಿ ಹಿತವಾದ ಬಿಸಿಲಿತ್ತು, ಸುಮ್ನೆ ನಡೆಯುತ್ತಿದ್ದೆವು. ಸಂಜೆಗೆ ಇವರಿಗೆ ತಲೆನೋವು, ನನಗೆ ತುಟಿ ಒಡೆದು ರಕ್ತ. ಎರಡನೇ ಸಲ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ನೀರು ತುಂಬಿಸಿಕೊಂಡೆವು. ತೆಂಗಿನೆಣ್ಣೆಯ ಚಿಕ್ಕ ಬಾಟಲಿ ಚೀಲದಲ್ಲೇ ಇತ್ತು. ಏನೂ ತೊಂದರೆ ಆಗಲಿಲ್ಲ.

ಇನ್ನು ದೂರ. ಯೂಟಾ ಸುತ್ತು ಒಂಬತ್ತು ದಿನ, 2,700 ಕಿಲೋಮೀಟರ್ ದಾಟಿತು. ಡೆತ್ ವ್ಯಾಲಿ ಸುತ್ತು ಐದು ದಿನ, ಸುಮಾರು 1,400 ಕಿಲೋಮೀಟರ್. ಯೂಟಾದಿಂದ ಹಿಂದೆ ಬರುವಾಗ ಗ್ರೀನ್ ರಿವರ್ ಬಿಟ್ಟರೆ ಸಲೈನಾ ಬರುವವರೆಗೆ 170 ಕಿಲೋಮೀಟರ್ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲಿಲ್ಲ. ಉಡುಪಿಯಿಂದ ಆಗುಂಬೆ ಹತ್ತಿ ಶಿವಮೊಗ್ಗ ಮುಟ್ಟುವುದಕ್ಕಿಂತ ಜಾಸ್ತಿ ದೂರ ಅದು. ಕ್ಯಾಪಿಟಲ್ ರೀಫ್ ಹತ್ತಿರ ಮಣ್ಣಿನ ದಾರಿಯಲ್ಲಿ ನಮ್ಮ ಟಯರ್ ಪಂಕ್ಚರ್ ಆಯಿತು. ಡಿಕ್ಕಿ ತೆಗೆದು ನೋಡಿದರೆ ಬಾಡಿಗೆಗೆ ಕೊಟ್ಟವರು ಸ್ಟೆಪ್ನಿಯನ್ನೇ ಇಟ್ಟಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಎರಡು ಗಂಟೆ ಕಾದ ಮೇಲೆ ದಾರಿಹೋಕರೊಬ್ಬರು ಗಾಳಿ ಹಾಕುವ ಯಂತ್ರ ಕೊಟ್ಟು ಕಾಪಾಡಿದರು. ಅವರ ಮುಖ ನಾನು ಮರೆಯುವುದಿಲ್ಲ. ದಯವಿಟ್ಟು ಕಾರಿನ ಕೀ ತೆಗೆದುಕೊಳ್ಳುವ ಮೊದಲು ಡಿಕ್ಕಿ ತೆಗೆಸಿ ನೋಡಿ. ಮ್ಯಾಪನ್ನೂ ಫೋನಿಗೆ ಇಳಿಸಿಟ್ಟುಕೊಳ್ಳಿ.

ಚಂದ ಯಾವುದು ಅಂತ ಕೇಳಿದರೆ ಯೂಟಾ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಬ್ರೈಸ್‌ನಲ್ಲಿ ಬೆಳಗ್ಗೆ ಅಂಚಿಗೆ ಹೋಗಿ ನಿಂತಾಗ ಕೆಳಗೆ ಸಾವಿರಾರು ಕಲ್ಲಿನ ಕಂಬಗಳು, ಒಳಗೆ ದೀಪ ಹಚ್ಚಿಟ್ಟ ಹಾಗೆ ಕೆಂಪು. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ, ಹಗಲು ಕರಗುತ್ತದೆ. ವರ್ಷವರ್ಷವೂ ಹೀಗೇ ನಡೆದು ಕಲ್ಲು ಸೀಳಿ ಈ ಕಂಬಗಳಾಗಿವೆ. ನಾನು ಅತ್ತುಬಿಟ್ಟೆ. ಕ್ಯಾಪಿಟಲ್ ರೀಫ್‌ನಲ್ಲಿ ಹಿಂದೆ ಅಲ್ಲಿ ನೆಲೆಸಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಜನ ನೆಟ್ಟ ಹಣ್ಣಿನ ತೋಟಗಳಿವೆ. ಸೇಬು ಕಿತ್ತು ಅಲ್ಲೇ ತಿಂದರೆ ದುಡ್ಡಿಲ್ಲ, ಮನೆಗೆ ಒಯ್ದರೆ ತೂಗಿ ಹಣ ಹಾಕಬೇಕು. ಕಾವಲಿಗೆ ಯಾರೂ ನಿಂತಿರುವುದಿಲ್ಲ. ನನಗೆ ತುಂಬಾ ಹಿಡಿಸಿತು.

ಆದರೆ ಯೂಟಾ ಮೊಣಕಾಲು ಕೇಳುತ್ತದೆ. ಆರ್ಚಸ್‌ನ ಹೆಸರುವಾಸಿ ಡೆಲಿಕೇಟ್ ಆರ್ಚ್ ಹತ್ತಿರ ಹೋಗಿ ಬರಲು 4.8 ಕಿಲೋಮೀಟರ್ ನಡೆಯಬೇಕು. ಬೋಳು ಬಂಡೆಯ ಏರು, ನೆರಳೇ ಇಲ್ಲ. ಇವರು ಅರ್ಧದಲ್ಲೇ ಕೂತರು. ಜಯಾನ್‌ನಲ್ಲಿ ವರ್ಷದ ಹೆಚ್ಚಿನ ತಿಂಗಳು ಕಣಿವೆಯೊಳಗೆ ಸ್ವಂತ ಕಾರು ಬಿಡುವುದಿಲ್ಲ. ಉದ್ಯಾನದ ಬಸ್ಸಿಗೆ ಸಾಲಲ್ಲಿ ನಿಲ್ಲಬೇಕು. ಬಸ್ಸಿನ ಕೊನೆಯ ನಿಲ್ದಾಣದಿಂದ ನದಿ ಪಕ್ಕದ ದಾರಿ ಮಾತ್ರ ಸಮತಟ್ಟು, ನಮ್ಮ ವಯಸ್ಸಿನವರಿಗೆ ಸಲೀಸು.

ಡೆತ್ ವ್ಯಾಲಿಯಲ್ಲಿ ಮುಖ್ಯ ಜಾಗಗಳ ತನಕ ಕಾರು ಹೋಗುತ್ತದೆ. ಡಾಂಟೆಸ್ ವ್ಯೂನಲ್ಲಿ ಕಾರಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಸಾಕು, 1,669 ಮೀಟರ್ ಎತ್ತರದಿಂದ ಕೆಳಗೆ ಬ್ಯಾಡ್‌ವಾಟರ್ ಕಾಣುತ್ತದೆ. ಅದು ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಉಪ್ಪಿನ ಬಯಲು. ನಾವು ಹೋದಾಗ ಅಲ್ಲಿ ನೀರು ನಿಂತಿತ್ತು! 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತ ಒಂದೇ ದಿನ 2.2 ಇಂಚು ಮಳೆ ಸುರಿಸಿ ರಸ್ತೆಗಳನ್ನು ಕೊಚ್ಚಿಕೊಂಡು ಹೋಗಿತ್ತು. ಉದ್ಯಾನವನ್ನೇ ಸುಮಾರು ಎರಡು ತಿಂಗಳು ಮುಚ್ಚಿದ್ದರು. 56 ಮಿಲಿಮೀಟರ್ ಅಂದರೆ ನಮ್ಮಲ್ಲಿ ಆಟಿ ತಿಂಗಳ ಒಂದು ಸಾಧಾರಣ ದಿನ. ಅಲ್ಲಿ ಅದು ಇಡೀ ವರ್ಷದ ಮಳೆ. ಫೆಬ್ರವರಿಯಲ್ಲಿ ಮತ್ತೆ ಮಳೆ ಬಂದು ಕೆರೆ ತುಂಬಿತ್ತು. ನಾನು ಸೀರೆ ಎತ್ತಿ ಕಟ್ಟಿ ಇಳಿದೆ. ಮೊಣಕಾಲವರೆಗೂ ನೀರಿಲ್ಲ, ಕನ್ನಡಿಯ ಹಾಗೆ ಅಲ್ಲಾಡದೆ ನಿಂತಿದೆ, ಅದರಲ್ಲಿ ಹಿಮ ಹೊದ್ದ ಬೆಟ್ಟದ ನೆರಳು. ಮಲ್ಪೆ ಕಡಲು ನೋಡಿ ಬೆಳೆದವಳಿಗೂ ಅಂಥ ನೀರು ಹೊಸದು. ಇದು ಪ್ರತಿ ವರ್ಷ ಸಿಗುವುದಿಲ್ಲ, ನೀರು ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಬರಿ ಉಪ್ಪಿನ ಬಯಲೂ ನೋಡುವಂಥದ್ದೇ.

ಜೋಶುವಾ ಟ್ರೀಗೆ ಒಂದೂವರೆ ದಿನ ಸಾಕು. ದುಂಡು ಬಂಡೆಗಳು, ಕೈ ಎತ್ತಿ ನಿಂತ ಹಾಗಿರುವ ಮರಗಳು. ಒಳಗೆ ಊಟ, ಪೆಟ್ರೋಲ್ ಯಾವುದೂ ಸಿಗದು.

ಊಟಕ್ಕೆ ಎರಡು ದಾರಿಯಲ್ಲೂ ನಮ್ಮ ಅವಲಕ್ಕಿಯೇ ಗತಿ. ಮೋಟೆಲ್‌ನಲ್ಲಿ ಬಿಸಿನೀರು ಇದ್ದರೆ ಸಾಕು, ಮಿಡಿ ಉಪ್ಪಿನಕಾಯಿ ಜೊತೆ ಹೊಟ್ಟೆ ತುಂಬುತ್ತದೆ. ಸಣ್ಣ ರೈಸ್ ಕುಕ್ಕರ್ ಒಯ್ದಿದ್ದೆವು. ಬ್ರೈಸ್ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿ ಇರುವುದಿಲ್ಲ, ಅನ್ನ ಅರೆಬೆಂದೇ ಉಳಿಯಿತು. ಡೆತ್ ವ್ಯಾಲಿಯಲ್ಲಿ ಅದೇ ಕುಕ್ಕರ್ ಚೆನ್ನಾಗಿ ಬೇಯಿಸಿತು.

ವಸತಿಗೆ ಉದ್ಯಾನದ ಒಳಗೆ ದರ ಜಾಸ್ತಿ. ಡೆತ್ ವ್ಯಾಲಿಗೆ ನಾವು ಉಳಿದದ್ದು 65 ಕಿಲೋಮೀಟರ್ ದೂರದ ಬೀಟಿ ಎಂಬ ಊರಲ್ಲಿ. ಬೀದಿಯಲ್ಲಿ ಕಾಡು ಕತ್ತೆಗಳು ಓಡಾಡುವ ಪುಟ್ಟ ಊರು.

ಪಾಸಿನ ಲೆಕ್ಕ ಈಗ ಬದಲಾಗಿದೆ. ನಾವು ಹೋದಾಗ ಎಲ್ಲ ಉದ್ಯಾನಗಳಿಗೂ ಸೇರಿ ವರ್ಷದ ಪಾಸ್ 80 ಡಾಲರ್. 2026ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಅದು 250 ಡಾಲರ್. ಪಾಸ್ ಇಲ್ಲದೆ ಹೋದರೆ ಹನ್ನೊಂದು ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ. ಜಯಾನ್, ಬ್ರೈಸ್ ಆ ಪಟ್ಟಿಯಲ್ಲಿವೆ. ಡೆತ್ ವ್ಯಾಲಿ, ಜೋಶುವಾ ಟ್ರೀ ಇಲ್ಲ.

ಹಾಗಾಗಿ ಅಕ್ಕನಿಗೆ ಹೇಳಿದ್ದು ಇಷ್ಟೇ: ಭಾವನ ಮೊಣಕಾಲು, ಚಳಿಗಾಲ, ಮಗನಿಗೆ ಸಿಗುವ ಐದು ದಿನದ ರಜೆ, ಮೂರಕ್ಕೂ ಡೆತ್ ವ್ಯಾಲಿ ದಾರಿಯೇ ಸರಿ. ಯೂಟಾಕ್ಕೆ ಇನ್ನೊಂದು ಸಲ ಅಕ್ಟೋಬರ್‌ನಲ್ಲಿ, ಹತ್ತು ದಿನ ಇಟ್ಟುಕೊಂಡು ಹೋಗಿ. ಅಕ್ಕ ಫೆಬ್ರವರಿ ಮೂರನೇ ವಾರಕ್ಕೆ ಗುರುತು ಹಾಕಲು ಹೊರಟರು. ನಾನು ಬೇಡ ಅಂದೆ. ಆ ಸೋಮವಾರ ಅಲ್ಲಿ ರಜೆ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಎರಡನೇ ವಾರದ ಮಂಗಳವಾರ ಹೊರಡುವುದು ಅಂತಾಯಿತು.