ಗುಬ್ಬಿಗೆ ಕುಡಿಕೆಯೋ, ಹಲಗೆ ಡಬ್ಬಿಯೋ?

ದಾವಣಗೆರೆಯ ನಮ್ಮ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಿದ ವರ್ಷವೇ ಗುಬ್ಬಿಗಳು ಮನೆ ಬಿಟ್ಟವು. ಅವುಗಳ ಸಂಸಾರವೆಲ್ಲ ಜಂತೆ ಸಂದಿಯಲ್ಲಿತ್ತು. ಆಮೇಲೂ ಬರುತ್ತಿದ್ದವು, ಅವ್ವ ಮೊರ ಹಿಡಿದು ಕೂತರೆ ನುಚ್ಚು ಹೆಕ್ಕಿ ಹಾರಿಹೋಗುತ್ತಿದ್ದವು. "ಉಂಡು ಹೋಗ್ತಾವು, ಇರಾಕೆ ಜಾಗ ಎಲ್ಲೈತಿ?" ಅಂದಳು ಒಂದು ದಿನ. ಆ ಮಾತು ಮನಸ್ಸಿಗೆ ನಾಟಿತು. ಎರಡು ವರ್ಷದಲ್ಲಿ ನಾಲ್ಕು ಥರದ ಗೂಡು ಹಾಕಿ ನೋಡಿದೆ.

ಮೊದಲನೆಯದು ಚಪ್ಪಲಿಯ ರಟ್ಟಿನ ಡಬ್ಬಿ. ಒಂದು ಜೋಡಿ ವಾರವಿಡೀ ಹುಲ್ಲು ತಂದು ತುಂಬಿತು. ಮುಂಗಾರಿನ ಮೊದಲ ಮಳೆಗೆ ತಳ ಕಳಚಿ ಹುಲ್ಲೆಲ್ಲ ಅಂಗಳಕ್ಕೆ ಬಿತ್ತು. ಮೊಟ್ಟೆ ಇರಲಿಲ್ಲವೆಂಬುದೇ ಸಮಾಧಾನ. ರಟ್ಟು ಬೇಡ.

ಅಂಗಡಿಯಿಂದ ತಂದ ಬಣ್ಣದ ಪ್ಲೈವುಡ್ ಗೂಡು ನೋಡಲು ಚೆಂದವಿತ್ತು. ಬಾಗಿಲ ಮುಂದೆ ಕೂರಲು ಕಡ್ಡಿ ಬೇರೆ. ಆ ಕಡ್ಡಿ ಗುಬ್ಬಿಗೆ ಬೇಕಿಲ್ಲ, ಅದು ತೂತಿನ ಅಂಚು ಹಿಡಿದೇ ಒಳಗೆ ನುಗ್ಗುತ್ತದೆ. ಕಡ್ಡಿ ಕಾಗೆಗೆ ಅನುಕೂಲವಾಯಿತು, ಅಲ್ಲೇ ಕೂತು ಒಳಗೆ ಇಣುಕುತ್ತಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಪ್ಲೈವುಡ್ ಪದರ ಪದರವಾಗಿ ಬಿಚ್ಚಿಕೊಂಡಿತು.

ಕುಡಿಕೆಯ ಮೇಲೆ ನನಗೆ ಬಹಳ ಆಸೆಯಿತ್ತು. ನಮ್ಮ ಮಣ್ಣಿನದು, ಅಗ್ಗವೂ ಹೌದು. ಮನೆಯಲ್ಲೇ ತೂತು ಕೊರೆಯಲು ಹೋಗಿ ಎರಡು ಒಡೆದವು. ಕುಂಬಾರಣ್ಣನ ಹತ್ತಿರ ಹೋದರೆ, "ಹಸಿ ಇದ್ದಾಗ ಹೇಳಬೇಕಿತ್ತವ್ವಾ, ತೂತು ಬಿಟ್ಟೇ ಸುಡ್ತಿದ್ದೆ" ಅಂದರು. ಹಾಗೇ ಮಾಡಿಸಿ ತಂದು ನುಗ್ಗೆ ಮರಕ್ಕೆ ಹಗ್ಗದಲ್ಲಿ ತೂಗುಹಾಕಿದೆ. ಗಾಳಿಗೆ ತೂಗಾಡುವ ಗೂಡಿನ ಹತ್ತಿರ ಒಂದು ಗುಬ್ಬಿಯೂ ಸುಳಿಯಲಿಲ್ಲ. ಪಡುವಣ ಗೋಡೆಗೆ ತಂತಿಯಿಂದ ಬಿಗಿದ ಮೇಲೆ ಬಂದವು. ಏಪ್ರಿಲ್‌ನಲ್ಲಿ ಮೂರು ಮರಿಯಾದವು.

ಆ ಏಪ್ರಿಲ್ ನನಗೆ ಮರೆಯದು. ಮಧ್ಯಾಹ್ನ ಮೂರರ ಬಿಸಿಲು ನೇರ ಕುಡಿಕೆಗೇ ಹೊಡೆಯುತ್ತಿತ್ತು, ಮುಟ್ಟಿದರೆ ಬೆರಳು ಚುರ್ರೆನ್ನುವಷ್ಟು ಕಾದಿತ್ತು. ತೂತಿನಲ್ಲಿ ನೋಡಿದರೆ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಮರಿ ಇರುವ ಗೂಡು ಕಿತ್ತು ಬೇರೆ ಕಡೆ ಇಟ್ಟರೆ ತಾಯಿ ಬಾರದೇ ಹೋದೀತೆಂಬ ಭಯ. ಅವ್ವ ಹಸಿ ಗೋಣಿಚೀಲ ತಂದು ಮೇಲೆ ನೆರಳು ಕಟ್ಟಿದಳು. ಆದರೂ ಒಂದು ಮರಿ ಉಳಿಯಲಿಲ್ಲ. ಉಳಿದೆರಡು ಹಾರುವ ಮುನ್ನ ದಿನವಿಡೀ ಒಳಗೆ ಕೆರೆಯುವ ಸದ್ದು. ಒಳಮೈ ನುಣುಪಾಗಿದ್ದರಿಂದ ಉಗುರಿಗೆ ಹಿಡಿತ ಸಿಗದೆ ಜಾರುತ್ತಿದ್ದವು. ಈಗ ಯಾರಾದರೂ ಕುಡಿಕೆ ಕಟ್ಟುತ್ತೇನೆಂದರೆ ಎರಡೇ ಮಾತು ಹೇಳುತ್ತೇನೆ: ದಿನವಿಡೀ ನೆರಳಿರುವ ಜಾಗ ನೋಡಿ, ಕುಡಿಕೆಯನ್ನು ಅಡ್ಡ ಮಲಗಿಸಿ ಬಾಯಿಗೆ ತೂತಿನ ಹಲಗೆ ಮುಚ್ಚಿ. ಆಗ ಕೊರೆಯುವ ಕಷ್ಟವೂ ಇಲ್ಲ, ಮರಿ ಹತ್ತುವ ಕಷ್ಟವೂ ಇಲ್ಲ.

ಗೆದ್ದದ್ದು ಹಲಗೆ ಡಬ್ಬಿ. ಸಾಮಿಲ್‌ನಲ್ಲಿ ಸಿಕ್ಕ ಮುಕ್ಕಾಲು ಇಂಚು ದಪ್ಪದ ತುಂಡುಗಳಿಂದ ಮಾಡಿಸಿದ್ದು. ತಳ 6 ಇಂಚು ಚೌಕ, ಎತ್ತರ 10 ಇಂಚು, ತಳದಿಂದ 6 ಇಂಚು ಮೇಲೆ ತೂತು. ತಳಕ್ಕೆ ನಾಲ್ಕು ಸಣ್ಣ ರಂಧ್ರ, ಸೂರಿನಡಿ ಗಾಳಿಯಾಡಲು ಎರಡು. ಒಳಗೆ ರಂದಾ ಹೊಡೆಸಲಿಲ್ಲ, ತೂತಿನ ಕೆಳಗೆ ಗರಗಸದಿಂದ ಗೀರು ಹಾಕಿಸಿದೆ, ಬಣ್ಣ ಬಳಿಯಲಿಲ್ಲ. ದಪ್ಪ ಹಲಗೆ ಕುಡಿಕೆಯಷ್ಟು ಬೇಗ ಕಾಯುವುದಿಲ್ಲ. ಮುಂಗಾರಿನ ಇರಚಲು ನಮ್ಮಲ್ಲಿ ಪಡುವಣದಿಂದ ಹೊಡೆಯುತ್ತದೆ, ಹಾಗಾಗಿ ಸಜ್ಜಾದ ಕೆಳಗೆ ಮೂಡಣಕ್ಕೆ ಮುಖ ಮಾಡಿ ಮೊಳೆ ಹೊಡೆದೆ.

ಇದರಲ್ಲೂ ಒಂದು ತಪ್ಪಾಗಿತ್ತು. ಬಡಗಿ ತನ್ನ ಹತ್ತಿರ ಇದ್ದ ಬಿಟ್‌ನಿಂದ 2 ಇಂಚಿನ ತೂತು ಕೊರೆದಿದ್ದ. ಗೊರವಂಕ ನುಗ್ಗಿ ಗುಬ್ಬಿಯ ಹುಲ್ಲನ್ನೆಲ್ಲ ಎಳೆದೆಳೆದು ಹೊರಗೆ ಎಸೆಯಿತು. ಮೇಲೊಂದು ತಗಡು ಬಡಿದು ತೂತನ್ನು 32 ಮಿಲಿಮೀಟರಿಗೆ, ಅಂದರೆ ಒಂದೂಕಾಲು ಇಂಚಿಗೆ ಇಳಿಸಿದ ಮೇಲೆ ಗುಬ್ಬಿಗೆ ನೆಮ್ಮದಿ. ಆ ಅಳತೆ ಬಿಡಬೇಡಿ. 2 ಇಂಚಿನದೇ ಇನ್ನೊಂದು ಡಬ್ಬಿಯನ್ನು ಬೇವಿನ ಮರಕ್ಕೆ ಕಟ್ಟಿದ್ದೇನೆ, ಅಲ್ಲಿ ಮಡಿವಾಳ ಹಕ್ಕಿ ಬೆಳಗಿನ ಜಾವ ಹಾಡುತ್ತದೆ. ಪಿಕಳಾರ, ಸೂರಕ್ಕಿಗೆ ಮಾತ್ರ ಯಾವ ಡಬ್ಬಿಯೂ ಬೇಡ, ಅವಕ್ಕೆ ದಾಸವಾಳದ ಪೊದೆ ಕಡಿಯದೆ ಬಿಟ್ಟರೆ ಸಾಕು.

ವಿಶ್ವ ಗುಬ್ಬಿ ದಿನ 2010ರಿಂದ ಮಾರ್ಚ್ 20ಕ್ಕೆ ನಡೆಯುತ್ತಿದೆ. ಅಲ್ಲಿಯವರೆಗೆ ಕಾಯಬೇಡಿ, ನಮ್ಮೂರಲ್ಲಿ ಅಷ್ಟೊತ್ತಿಗೆ ಬಿಸಿಲು ಏರಿರುತ್ತದೆ. ದೀಪಾವಳಿ ಕಳೆಯುತ್ತಲೇ ಕಟ್ಟಿ, ಹೊಸ ಡಬ್ಬಿಗೆ ಒಗ್ಗಿಕೊಳ್ಳಲು ಅವಕ್ಕೂ ಸಮಯ ಬೇಕು.

ಮರಿ ಹಾರಿದ ಮೇಲೆ ಹಲಗೆ ಡಬ್ಬಿಯ ಪಕ್ಕದ ಬಾಗಿಲು ತೆಗೆದು ತೊಳೆದೆ. ಗೋಣಿ ನಾರು, ಬೇವಿನ ಎಲೆ, ಕೋಳಿ ಪುಕ್ಕದ ನಡುವೆ ಅವ್ವನ ನಾಲ್ಕಾರು ಬಿಳಿ ಕೂದಲು ಸುತ್ತಿಕೊಂಡಿದ್ದವು. ಅವಳಿಗೆ ತೋರಿಸಿದೆ. ಅಂದಿನಿಂದ ತಲೆ ಬಾಚಿದ ಕೂದಲನ್ನು ಸಣ್ಣಗೆ ಕತ್ತರಿಸಿ ಹಿತ್ತಲ ಕಟ್ಟೆಯ ಮೇಲೆ ಇಡುತ್ತಾಳೆ.