ರಾತ್ರಿ ಆಶ್ರಯ ಕೇಂದ್ರ, ಮಂಗಳೂರು: ಜಾಗ ಚೆನ್ನಾಗುಂಟು, ಕುಡಿದವರಿಗೆ ಬಾಗಿಲಿಲ್ಲ (5ಕ್ಕೆ 3)

ಮೊದಲೇ ಹೇಳಿಬಿಡುತ್ತೇನೆ, ನಾನು ಅಲ್ಲಿ ಮಲಗಿದವನಲ್ಲ, ಒಬ್ಬರನ್ನು ಕರೆದುಕೊಂಡು ಹೋದವನು. ಸ್ಟೇಟ್‌ಬ್ಯಾಂಕ್ ಹತ್ತಿರ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಶಟರ್ ಎಳೆದ ಮೇಲೆ ಮೆಟ್ಟಿಲಲ್ಲಿ ಒಬ್ಬರು ಮಲಗುತ್ತಾರೆ. ಬಾಗಲಕೋಟೆ ಕಡೆಯವರು, ಸೆಂಟ್ರಿಂಗ್ ಕೆಲಸಕ್ಕೆ ಬಂದವರು. ಬೆನ್ನು ಹೋಯಿತು, ಕೆಲಸ ಹೋಯಿತು, ಬಾಡಿಗೆ ಕೋಣೆ ಹೋಯಿತು, ಉಳಿದದ್ದು ಕುಡಿತದ ಕ್ವಾರ್ಟರ್ ಬಾಟಲಿ ಮಾತ್ರ. ಜೂನ್‌ನಲ್ಲಿ ಮಳೆ ಹಿಡಿದಾಗ ಮೆಟ್ಟಿಲೂ ಒದ್ದೆ, ಅವರೂ ಒದ್ದೆ. ಪಕ್ಕದ ಹೋಟೆಲಿನವರು "ಅವರನ್ನು ಆಶ್ರಯ ಕೇಂದ್ರಕ್ಕೆ ಬಿಡಿ ಮಾರಾಯ್ರೇ" ಎಂದರು. ಸರಿ, ರಿಕ್ಷಾ ಹತ್ತಿಸಿದೆ.

ಕೇಂದ್ರದ ಹೆಸರು ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡುವವರ ತಪ್ಪು ಕಡಿಮೆ. ಮಂಚ ಉಂಟು, ಒಗೆದ ಹೊದಿಕೆ ಉಂಟು, ಪಾಯಿಖಾನೆಯಲ್ಲಿ ಫಿನಾಯಿಲ್ ವಾಸನೆ, ದುಡ್ಡು ಕೇಳಲಿಲ್ಲ. ಆಧಾರ್ ಕೇಳಿದರು, ಇಲ್ಲ ಎಂದಾಗ ಹೆಸರು ಬರೆದುಕೊಂಡು ಒಳಗೆ ಬಿಟ್ಟರು. ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. (ಇವರಿಗೆ ರೊಟ್ಟಿ ಬೇಕಿತ್ತು, ಅದು ಬೇರೆ ಮಾತು.) ಇಷ್ಟಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ಒಂದು ಸ್ಟಾರ್ ಹೋದದ್ದು ಎರಡನೇ ರಾತ್ರಿ. ಇವರು ಕುಡಿದು ಹೋದರು, ಬಾಗಿಲಲ್ಲೇ ತಡೆದರು. ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. "ಅಣ್ಣ, ರಾತ್ರಿ ನಾನೊಬ್ಬನೇ. ಇವರು ವಾಂತಿ ಮಾಡಿದರೆ, ಗಲಾಟೆ ಮಾಡಿದರೆ ಉಳಿದವರಿಗೆ ನಿದ್ದೆ ಇಲ್ಲ. ಕುಡಿತ ಬಿಟ್ಟು ಬರಲಿ" ಎಂದರು. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಇಪ್ಪತ್ತು ವರ್ಷ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಎಲ್ಲಿದ್ದೇನೆ ಎಂಬುದೂ ಗೊತ್ತಾಗದೆ ಹೋಗಬಹುದು, ಕೆಲವರಿಗೆ ಜೀವಕ್ಕೇ ಅಪಾಯ. ಅದಕ್ಕೆ ಡಾಕ್ಟರ್ ಬೇಕು, ಸುಮ್ನೆ ಮನಸ್ಸು ಗಟ್ಟಿ ಮಾಡಿದರೆ ಸಾಲದು.

ಡಾಕ್ಟರ್ ಹುಡುಕಿಕೊಂಡು ಹೋದೆವು. ಸರ್ಕಾರಿ ಆಸ್ಪತ್ರೆಯಲ್ಲಿ "ಅಡ್ಮಿಟ್ ಮಾಡಲು ಜೊತೆಗೆ ಮನೆಯವರು ನಿಲ್ಲಬೇಕು" ಎಂದರು. ಮನೆ ಇದ್ದಿದ್ದರೆ ನನ್ನ ಮೆಟ್ಟಿಲಲ್ಲಿ ಯಾಕೆ ಮಲಗುತ್ತಿದ್ದರು? ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿ ಕೇಳಿದ ಅಡ್ವಾನ್ಸ್ ನನ್ನ ಅಂಗಡಿಯ ಎರಡು ತಿಂಗಳ ಬಾಡಿಗೆಯಷ್ಟು. ಮಲಗುವ ಜಾಗದವರು ಚಿಕಿತ್ಸೆ ಆಗಲಿ ಎನ್ನುತ್ತಾರೆ, ಚಿಕಿತ್ಸೆಯವರು ಮನೆ ಇರಲಿ ಎನ್ನುತ್ತಾರೆ, ನಡುವೆ ಈ ಮನುಷ್ಯ ಮಳೆಯಲ್ಲಿ.

ಆಮೇಲೆ ಗೊತ್ತಾಯಿತು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ ಮತ್ತು ಡ್ರಗ್ಸ್‌ನಿಂದಾಗುವ ಮಾನಸಿಕ ತೊಂದರೆಗಳೂ ಸೇರಿವೆ. ಮನೆ ಇಲ್ಲದವರಿಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಕೇಂದ್ರಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ ಎಂದು ಅದರಲ್ಲೇ ಬರೆದಿದೆ. 2013ರ ನಗರ ಜೀವನೋಪಾಯ ಯೋಜನೆಯ ನಿಯಮದಲ್ಲೂ ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನ ಮಲಗುವಷ್ಟು ಆಶ್ರಯ, ತಲೆಗೆ 50 ಚದರ ಅಡಿ, ದಿನದ 24 ಗಂಟೆಯೂ ತೆರೆದಿರಬೇಕು ಎಂದಿತ್ತು. ಕಾಗದದಲ್ಲಿ ಎಲ್ಲಾ ಉಂಟು.

ನನ್ನ ಭಾವ ಹೇಳುವುದು, "ಕುಡಿದದ್ದು ಅವರೇ ಅಲ್ವಾ, ಊರಿನವರು ಯಾಕೆ ಹೊರಬೇಕು?" ಹೌದು, ಅವರೇ ಕುಡಿದದ್ದು, ಅದನ್ನು ಅವರೂ ಒಪ್ಪುತ್ತಾರೆ. ಆದರೆ ಆ ಒಂದೊಂದು ಕ್ವಾರ್ಟರ್ ಮೇಲೂ ಸರ್ಕಾರಕ್ಕೆ ಅಬಕಾರಿ ಸುಂಕ ಹೋಗಿದೆ ಭಾವ. ನಿಮ್ಮ ಮನೆ ತೆರಿಗೆ ರಸೀದಿ ತೆಗೆದು ನೋಡಿ, ಆರೋಗ್ಯ ಮತ್ತು ಗ್ರಂಥಾಲಯ ಕರದ ಜೊತೆ ಭಿಕ್ಷುಕರ ಕರ ಅಂತ ಇರುತ್ತದೆ. ತೆರಿಗೆಯ ಮೇಲೆ ಶೇಕಡ 3, ಭಿಕ್ಷಾಟನೆ ನಿಷೇಧದ 1975ರ ಕಾನೂನಿನ ಪ್ರಕಾರ. ಎರಡು ಸಾವಿರ ತೆರಿಗೆ ಕಟ್ಟಿದರೆ ಅದು 60 ರೂಪಾಯಿ. ಒಂದು ಕ್ವಾರ್ಟರ್ ಕೂಡ ಬರುವುದಿಲ್ಲ, ಆದರೂ ಅದು ಬೀದಿಯಲ್ಲಿರುವವರ ಹೆಸರಿನಲ್ಲೇ ನಾವು ಕಟ್ಟುವ ದುಡ್ಡು. ಹಣ ತೆಗೆದುಕೊಳ್ಳುವವರೇ ಜವಾಬ್ದಾರರು. ನಾನು ಊಟ ಕೊಡಬಹುದು, ರಿಕ್ಷಾ ಬಾಡಿಗೆ ಕೊಡಬಹುದು, ಫಿಟ್ಸ್‌ಗೆ ಮದ್ದು ಕೊಡಲಿಕ್ಕೆ ಆಗುತ್ತದಾ?

ದೊಡ್ಡ ಕಟ್ಟಡವೇನೂ ಬೇಡ. ಈ ಕೇಂದ್ರದಲ್ಲೇ ಕುಡಿದು ಬಂದವರಿಗೆ ಒಂದು ಬೇರೆ ಕೋಣೆ, ರಾತ್ರಿಗೆ ಇನ್ನೊಬ್ಬ ಸಿಬ್ಬಂದಿ, ವಾರಕ್ಕೆ ಎರಡು ಸಂಜೆ ಆಸ್ಪತ್ರೆಯಿಂದ ಒಬ್ಬ ಡಾಕ್ಟರ್. ಮನೆಯವರ ಬದಲು ಕೇಂದ್ರದವರ ಸಹಿ ನಡೆಯುತ್ತದೆ ಎಂದು ಒಂದು ಕಾಗದ. ಪಾಲಿಕೆಯವರೂ ಆರೋಗ್ಯ ಇಲಾಖೆಯವರೂ ಒಂದೇ ಮೇಜಿನಲ್ಲಿ ಚಹಾ ಕುಡಿದರೆ ಆಗುವ ಕೆಲಸ.

ನೀವು ಯಾರನ್ನಾದರೂ ಕರೆದುಕೊಂಡು ಹೋಗುವುದಾದರೆ ಎಂಟು ಗಂಟೆಯೊಳಗೆ ಹೋಗಿ, ಆಮೇಲೆ ಮಂಚ ಸಿಗುವುದು ಕಷ್ಟ. ಕುಡಿತ, ಡ್ರಗ್ಸ್ ಬಿಡುವ ವಿಷಯಕ್ಕೆ 14446ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ. ನಾನೂ ಮಾಡಿದ್ದೇನೆ, ಮುಂದಿನ ವಾರ ಇನ್ನೊಂದು ಕಡೆ ಕರೆದುಕೊಂಡು ಹೋಗುವುದುಂಟು. ಅಲ್ಲಿಯವರೆಗೆ ಅಂಗಡಿ ಮೆಟ್ಟಿಲಿಗೆ ಟಾರ್ಪಾಲ್ ಕಟ್ಟಿದ್ದೇನೆ.